ಡ್ರಾಫ್ಟ್‌ನಲ್ಲಿ ಮೊದಲನೆಯವರು ಮರೆಯಾಗಿ 41ನೆಯವರು ಬೆಳೆದದ್ದು ಹೇಗೆ?

ನಿಮ್ಮ ಪ್ರಶ್ನೆಯನ್ನು ಒಮ್ಮೆ ಹೇಳಿಕೊಂಡು ಉತ್ತರಕ್ಕೆ ಬರುತ್ತೇನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಪ್ರತಿವರ್ಷ ಎರಡು ಸುತ್ತುಗಳಲ್ಲಿ, ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದನ್ನು ಡ್ರಾಫ್ಟ್ ಎನ್ನುತ್ತಾರೆ. 2013ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಆಂಟನಿ ಬೆನೆಟ್ ನಾಲ್ಕು ಋತುಗಳಲ್ಲೇ ಲೀಗ್‌ನಿಂದ ಹೊರಬಿದ್ದರು. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ನಿಕೊಲಾ ಯೊಕಿಚ್ 2021, 2022 ಮತ್ತು 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಹಾಗಾದರೆ ಕೋಟಿಗಟ್ಟಲೆ ಖರ್ಚು ಮಾಡುವ ಈ ತಂಡಗಳಿಗೆ ಆಟಗಾರರನ್ನು ಆರಿಸಲು ಬರುವುದಿಲ್ಲವೇ ಎಂದು ಕೇಳಿದ್ದೀರಿ.

ಆರಿಸಲು ಬರುತ್ತದೆ. ಆದರೆ ಆರಿಸುವ ದಿನ ಅವರ ಕಣ್ಣ ಮುಂದಿರುವುದು ಪೂರ್ತಿ ಬೆಳೆದ ಆಟಗಾರನಲ್ಲ, ಹತ್ತೊಂಬತ್ತರ ಆಸುಪಾಸಿನ ಹುಡುಗ. ಅವನ ಎತ್ತರ, ತೋಳುಗಳ ಉದ್ದ, ಜಿಗಿತ, ಓಟ ಎಲ್ಲವನ್ನೂ ಅಳೆಯಬಹುದು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು ಏನಾಗುತ್ತಾನೆ ಎಂಬುದು ಮಾತ್ರ ನಡುವಿನ ಐದು ವರ್ಷ ಅವನು ಯಾರ ಕೈಯಲ್ಲಿ ಇರುತ್ತಾನೆ, ಎಷ್ಟು ಹೊತ್ತು ಆಡುತ್ತಾನೆ, ತಪ್ಪು ಮಾಡಿದಾಗ ಅವನನ್ನು ಬೆಂಚಿಗೆ ಕರೆಯುತ್ತಾರೋ ಅಂಗಣದಲ್ಲೇ ಉಳಿಸುತ್ತಾರೋ ಎಂಬುದನ್ನು ಅವಲಂಬಿಸಿದೆ. ಯಾರು ಎಷ್ಟನೆಯವರಾಗಿ ಆಯ್ಕೆಯಾದರು ಎಂಬುದಕ್ಕೆ ನಾವು ಕೊಡುವ ಮಹತ್ವದಲ್ಲಿ ಕಾಲುಭಾಗವನ್ನೂ ಈ ಐದು ವರ್ಷಗಳಿಗೆ ಕೊಡುವುದಿಲ್ಲ ಎಂಬುದು ನನ್ನ ದೂರು.

ನೀವು ಹೇಳಿದ 2013ರ ಡ್ರಾಫ್ಟನ್ನೇ ನೋಡೋಣ. ಬೆನೆಟ್ ಆಯ್ಕೆಯಾಗುವ ಹೊತ್ತಿಗೆ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಆ ಬೇಸಿಗೆಯಲ್ಲಿ ಅಭ್ಯಾಸವಿಲ್ಲದೆ ಅವರ ದೇಹ ಆಟಕ್ಕೆ ಸಜ್ಜಾಗಿರಲಿಲ್ಲ. ಅವರನ್ನು ಆರಿಸಿದ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆ ವರ್ಷ ಗೆಲ್ಲುವ ಅವಸರವಿತ್ತು, ಅವರು ಆಡಬೇಕಾದ ಜಾಗದಲ್ಲಿ ಆಗಲೇ ಟ್ರಿಸ್ಟನ್ ಥಾಂಪ್ಸನ್ ನೆಲೆಯೂರಿದ್ದರು. ಮೊದಲ ನಾಲ್ಕು ಪಂದ್ಯಗಳಲ್ಲಿ ಬೆನೆಟ್ ಅವರ ಕೈಯಿಂದ ಹೊರಟ ಒಂದು ಶಾಟ್ ಕೂಡ ಬಾಸ್ಕೆಟ್‌ಗೆ ಬೀಳಲಿಲ್ಲ. ಋತುವಿನ ಉದ್ದಕ್ಕೂ ಪಂದ್ಯವೊಂದಕ್ಕೆ ಅವರಿಗೆ ಸರಾಸರಿ 13 ನಿಮಿಷವೂ ಸಿಗಲಿಲ್ಲ, ಮರುವರ್ಷ ಅವರನ್ನು ಮಿನೆಸೋಟಕ್ಕೆ ಕಳಿಸಿಬಿಟ್ಟರು. ನಾಲ್ಕು ಋತು, ನಾಲ್ಕು ತಂಡ. ಅವರ ಆಟದಲ್ಲಿಯೂ ಕೊರತೆಗಳಿದ್ದವು, ಎಲ್ಲ ಹೊಣೆಯನ್ನೂ ತಂಡಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಕಲಿಯಲು ಬೇಕಾದ ಒಂದು ನೆಲೆ ಅವರಿಗೆ ಎಲ್ಲಿಯೂ ಸಿಗಲಿಲ್ಲ ಎಂಬುದೂ ನಿಜ.

ಅದೇ 2013ರ ಡ್ರಾಫ್ಟ್‌ನಲ್ಲಿ 15ನೆಯವರಾಗಿ ಮಿಲ್ವಾಕಿ ತಂಡಕ್ಕೆ ಹೋದವರು ಯಾನಿಸ್ ಆಂಟೆಟೊಕೌಂಪೊ. ಗ್ರೀಸ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ 18 ವರ್ಷದ ಸಣಕಲು ಹುಡುಗ. ಮೊದಲ ಋತುವಿನಲ್ಲಿ ಅವರ ಸರಾಸರಿ ಕೇವಲ 6.8 ಅಂಕ, ಅಂಕಿಗಳನ್ನಷ್ಟೇ ನೋಡಿದರೆ ಬೆನೆಟ್‌ಗೂ ಅವರಿಗೂ ಅಂಥ ಅಂತರವೇನೂ ಕಾಣುವುದಿಲ್ಲ. ಆದರೆ ಮಿಲ್ವಾಕಿ ಆ ವರ್ಷ 82 ಪಂದ್ಯಗಳಲ್ಲಿ 15ನ್ನು ಮಾತ್ರ ಗೆದ್ದು ಇಡೀ ಲೀಗ್‌ನಲ್ಲಿ ಕೊನೆಯದಾಗಿತ್ತು. ಕಳೆದುಕೊಳ್ಳಲು ಏನೂ ಉಳಿದಿರದ ಆ ತಂಡದಲ್ಲಿ ಯಾನಿಸ್ 77 ಪಂದ್ಯ ಆಡಿದರು, ಪಂದ್ಯಕ್ಕೆ 24 ನಿಮಿಷಕ್ಕೂ ಹೆಚ್ಚು. 2016ರಲ್ಲಿ ಕೋಚ್ ಜೇಸನ್ ಕಿಡ್ ಅಷ್ಟೆತ್ತರದ ಆಟಗಾರನಿಗೆ ಪಾಯಿಂಟ್ ಗಾರ್ಡ್ ಕೆಲಸವನ್ನು, ಅಂದರೆ ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವ ಕೆಲಸವನ್ನು, ಒಪ್ಪಿಸಿದರು. 2019 ಮತ್ತು 2020ರಲ್ಲಿ ಅವರು ಲೀಗ್‌ನ ಅತ್ಯುತ್ತಮ ಆಟಗಾರರಾದರು, 2021ರಲ್ಲಿ ಮಿಲ್ವಾಕಿ ಚಾಂಪಿಯನ್ ಆಯಿತು. ಅದೇ ಡ್ರಾಫ್ಟ್‌ನಲ್ಲಿ 27ನೆಯವರಾಗಿ ಆಯ್ಕೆಯಾದ ರೂಡಿ ಗೋಬೇರ್ ಮೊದಲ ವರ್ಷ ಒಂದಷ್ಟು ಕಾಲವನ್ನು ಕೆಳಹಂತದ ಲೀಗ್‌ನ ಬೇಕರ್ಸ್‌ಫೀಲ್ಡ್ ತಂಡದಲ್ಲಿ ಕಳೆದು, ಮುಂದೆ ನಾಲ್ಕು ಬಾರಿ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು.

ನಾನು ಮೈಸೂರಿನಲ್ಲಿ ಶನಿವಾರ, ಭಾನುವಾರ ಬಡಾವಣೆಯ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನಮ್ಮ ಸಿಮೆಂಟ್ ಅಂಗಣಕ್ಕೂ ಎನ್‌ಬಿಎಗೂ ಹೋಲಿಕೆಯಿಲ್ಲ. ಆದರೂ ಕಲಿಕೆಗೆ ಸಮಯ ಏಕೆ ಬೇಕು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಅಲ್ಲಿಯೇ. ಹದಿನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ಶೂಟ್ ಮಾಡುವಾಗ ಎಡಗೈ ಚೆಂಡಿಗೆ ಆಸರೆಯಾಗಿ ಮಾತ್ರ ಇರಬೇಕು. ಅವನ ಎಡಗೈ ಹೆಬ್ಬೆರಳು ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಳ್ಳಿಬಿಡುತ್ತದೆ. ಹಿಂದಕ್ಕೆ ಸುತ್ತುತ್ತಾ ಹೋಗಬೇಕಾದ ಚೆಂಡು ಓರೆಯಾಗಿ ತಿರುಗುತ್ತದೆ. ಹತ್ತಿರದಿಂದ ಹೇಗೋ ಬೀಳುತ್ತದೆ, ದೂರ ಹೋದಷ್ಟೂ ರಿಂಗಿನ ಬಲಕ್ಕೆ ಬಡಿಯುತ್ತದೆ. ಇದನ್ನು ತಿದ್ದಲು ಬಾಸ್ಕೆಟ್‌ನಿಂದ ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಸಿ, ಒಂದೇ ಕೈಯಲ್ಲಿ ದಿನಕ್ಕೆ ನೂರು ಬಾರಿ ಹಾಕಿಸಬೇಕು. ಮೊದಲ ಎರಡು ತಿಂಗಳಲ್ಲಿ ಏನಾಗುತ್ತದೆ ಗೊತ್ತೇ? ಇದ್ದ ಗುರಿಯೂ ಹೋಗುತ್ತದೆ. ಹಳೆಯ ರೂಢಿ ಬಿಟ್ಟು, ಹೊಸದು ಇನ್ನೂ ಕೈಗೆ ಹತ್ತದೆ, ಹುಡುಗ ಮೊದಲಿಗಿಂತ ಕೆಟ್ಟದಾಗಿ ಆಡುತ್ತಾನೆ. ನಾವು ಶುರು ಮಾಡಿದ ಮೂರನೇ ವಾರಕ್ಕೆ ಅವನ ಶಾಲೆಯ ಟೂರ್ನಿ ಬಂತು. ತಂಡದಿಂದ ಕೈಬಿಡುವುದಾಗಿ ಅಲ್ಲಿ ಹೇಳಿದ್ದರಿಂದ ಅವನು ಹಳೆಯ ಹೆಬ್ಬೆರಳಿಗೇ ಮರಳಿದ. ಅವನನ್ನು ನಾನು ಬೈಯಲಿಲ್ಲ.

ಇದೇ ಕೆಲಸ ಸರಿಯಾದ ಜಾಗದಲ್ಲಿ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಕವಾಯ್ ಲೆನರ್ಡ್ ಸಾಕ್ಷಿ. 2011ರಲ್ಲಿ 15ನೆಯವರಾಗಿ ಆಯ್ಕೆಯಾದ ಅವರನ್ನು ಇಂಡಿಯಾನಾ ತಂಡದಿಂದ ಸ್ಯಾನ್ ಆಂಟೋನಿಯೊ ಸ್ಪರ್ಸ್ ಪಡೆದುಕೊಂಡಿತು. ಕಾಲೇಜಿನ ಕೊನೆಯ ವರ್ಷದಲ್ಲಿ ದೂರದ ಗೆರೆಯ ಹೊರಗಿನಿಂದ ಹಾಕುವ, ಮೂರು ಅಂಕದ ಅವರ ಶಾಟ್‌ಗಳಲ್ಲಿ ನೂರಕ್ಕೆ 29 ಮಾತ್ರ ಬೀಳುತ್ತಿದ್ದವು. ಸ್ಪರ್ಸ್‌ನಲ್ಲಿ ಶೂಟಿಂಗ್ ಹೇಳಿಕೊಡುತ್ತಿದ್ದ ಚಿಪ್ ಎಂಗಲಂಡ್, ಲೆನರ್ಡ್ ಕೈಯಿಂದ ಚೆಂಡು ಬಿಡುಗಡೆಯಾಗುವ ಬಗೆಯನ್ನೇ ತಿದ್ದಿದರು. ಎನ್‌ಬಿಎಯಲ್ಲಿ ಆ ಗೆರೆ ಇನ್ನಷ್ಟು ದೂರದಲ್ಲಿದ್ದರೂ ಮೊದಲ ಋತುವಿನಲ್ಲೇ ಬೀಳುವ ಶಾಟ್‌ಗಳ ಪ್ರಮಾಣ ನೂರಕ್ಕೆ 37ನ್ನು ದಾಟಿತು. ಟಿಮ್ ಡಂಕನ್, ಟೋನಿ ಪಾರ್ಕರ್, ಮಾನು ಜಿನೋಬಿಲಿ ಆಗಲೇ ಪಂದ್ಯ ಗೆಲ್ಲಿಸುತ್ತಿದ್ದ ತಂಡದಲ್ಲಿ ಹೊಸ ಹುಡುಗನ ಮೇಲೆ ಅಂಕ ಗಳಿಸುವ ಭಾರವಿರಲಿಲ್ಲ. 2014ರ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಅವರೇ.

ಯೊಕಿಚ್ ವಿಷಯದಲ್ಲಿ ಅವರನ್ನು ಆರಿಸಿದ ಡೆನ್ವರ್ ತಂಡದ ದೂರದೃಷ್ಟಿಯನ್ನು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ: ಅದೇ ಡ್ರಾಫ್ಟ್‌ನಲ್ಲಿ ಡೆನ್ವರ್ ಪಡೆದುಕೊಂಡ ಇನ್ನೊಬ್ಬ ಸೆಂಟರ್ (ಬಾಸ್ಕೆಟ್ ಹತ್ತಿರ ಆಡುವ ಎತ್ತರದ ಆಟಗಾರ) ಯೂಸುಫ್ ನುರ್ಕಿಚ್ ಆಯ್ಕೆಯಾದದ್ದು 16ನೆಯವರಾಗಿ. ಯೊಕಿಚ್ ಹೆಸರು ಪ್ರಕಟವಾದಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು, ಅವರು ಸೆರ್ಬಿಯಾದಲ್ಲಿ ನಿದ್ದೆ ಮಾಡುತ್ತಿದ್ದರು. ಡೆನ್ವರ್ ಮಾಡಿದ ಒಳ್ಳೆಯ ಕೆಲಸ ಆರಿಸಿದ್ದಕ್ಕಿಂತ ಹೆಚ್ಚಾಗಿ ಕಾದದ್ದು. ಒಂದು ವರ್ಷ ಅವರನ್ನು ಬೆಲ್‌ಗ್ರೇಡ್‌ನ ಮೆಗಾ ತಂಡದಲ್ಲೇ ಬಿಟ್ಟರು. ಅಲ್ಲಿ ಅವರು ಏಡ್ರಿಯಾಟಿಕ್ ಲೀಗ್‌ನ ಅತ್ಯುತ್ತಮ ಆಟಗಾರರಾಗಿ 2015ರಲ್ಲಿ ಅಮೆರಿಕಕ್ಕೆ ಬಂದರು. 2016ರ ಡಿಸೆಂಬರ್‌ನಲ್ಲಿ ಕೋಚ್ ಮೈಕೆಲ್ ಮಲೋನ್ ಸೆಂಟರ್ ಜಾಗವನ್ನು ಅವರಿಗೆ ಬಿಟ್ಟುಕೊಟ್ಟರು, ಎರಡು ತಿಂಗಳಲ್ಲಿ ನುರ್ಕಿಚ್ ಬೇರೆ ತಂಡಕ್ಕೆ ಹೋದರು.

ಇಷ್ಟೆಲ್ಲ ತಿಳಿದೂ ತಂಡಗಳು ಏಕೆ ಕಾಯುವುದಿಲ್ಲ? ಒಪ್ಪಂದದ ರಚನೆಯೇ ಕಾಯಗೊಡುವುದಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಒಪ್ಪಂದದಲ್ಲಿ ಖಾತರಿ ಇರುವುದು ಎರಡು ವರ್ಷಕ್ಕೆ. ಮೂರನೇ ವರ್ಷಕ್ಕೆ ಉಳಿಸಿಕೊಳ್ಳಬೇಕೇ ಎಂಬುದನ್ನು ತಂಡವು ಎರಡನೇ ಋತು ಶುರುವಾಗುವ ಹೊತ್ತಿಗೇ ತೀರ್ಮಾನಿಸಬೇಕು. ಅಂದರೆ ಹುಡುಗನ ಒಂದೇ ಒಂದು ಋತುವನ್ನು ನೋಡಿ ಅವನ ಮುಂದಿನ ದಾರಿಯನ್ನು ನಿರ್ಧರಿಸುತ್ತಾರೆ. ಎರಡನೇ ಸುತ್ತಿನವನಿಗೆ ಆ ಎರಡು ವರ್ಷದ ಖಾತರಿಯೂ ಇಲ್ಲ.

ಸೋಲುವ ತಂಡಕ್ಕೆ ಹೋದರೆ ಸಾಕು, ಹುಡುಗ ಬೆಳೆಯುತ್ತಾನೆ ಎಂದೂ ಅಲ್ಲ. ಫಿಲಡೆಲ್ಫಿಯಾ ತಂಡ ಡ್ರಾಫ್ಟ್‌ನಲ್ಲಿ ಮುಂಚಿನ ಸರದಿ ಸಿಗಲೆಂದು 2013ರಿಂದ ಮೂರು ಋತು ಬೇಕೆಂದೇ ದುರ್ಬಲವಾಗಿದ್ದು ಒಟ್ಟು 47 ಪಂದ್ಯಗಳನ್ನಷ್ಟೇ ಗೆದ್ದಿತು. ಆ ಮೂರು ವರ್ಷಗಳ ಡ್ರಾಫ್ಟ್‌ಗಳಿಂದ ಅದು ತಂದದ್ದು ನರ್ಲೆನ್ಸ್ ನೋಯೆಲ್, ಜೋಯೆಲ್ ಎಂಬೀಡ್, ಜಲೀಲ್ ಒಕಾಫೋರ್, ಮೂವರೂ ಸೆಂಟರ್‌ಗಳು. ಇರುವುದು ಒಂದು ಜಾಗ. ಎಂಬೀಡ್ ಗಾಯದಿಂದ ಎರಡು ವರ್ಷ ಕೂತರೂ ಮುಂದೆ ದೊಡ್ಡ ಆಟಗಾರರಾದರು, ಉಳಿದಿಬ್ಬರನ್ನು ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಓಕ್ಲಹೋಮ ಸಿಟಿ ಥಂಡರ್ ಕೂಡ 2020-21ರಲ್ಲಿ 22, ಮರುವರ್ಷ 24 ಪಂದ್ಯಗಳನ್ನಷ್ಟೇ ಗೆದ್ದ ತಂಡ. ಆದರೆ ಜಿ ಲೀಗ್ ಎಂಬ ಕೆಳಹಂತದ ಲೀಗ್‌ನಲ್ಲಿ ಆಡುವ ಅದರ ತಂಡ ಅದೇ ಊರಿನಲ್ಲಿದೆ, ಹುಡುಗರನ್ನು ಆಡಲು ಕೆಳಗೆ ಕಳಿಸುವುದೂ ಮೇಲೆ ಕರೆಸಿಕೊಳ್ಳುವುದೂ ಅಲ್ಲಿ ಸಲೀಸು. 2019ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಲೂ ಡೋರ್ಟ್ ಬಂದದ್ದು ಆ ದಾರಿಯಲ್ಲೇ. 2022ರಲ್ಲಿ ಎರಡನೆಯವರಾಗಿ ಆಯ್ಕೆಯಾದ ಚೆಟ್ ಹೋಮ್‌ಗ್ರೆನ್ ಪಾದದ ಗಾಯದಿಂದ ಇಡೀ ಋತು ಕೂತರು, ಯಾರೂ ಅವಸರಪಡಿಸಲಿಲ್ಲ. ಇಬ್ಬರೂ 2025ರ ಚಾಂಪಿಯನ್ ತಂಡದಲ್ಲಿ ಆಡಿದರು.

ನಮ್ಮ ದೇಶದ ಸತ್ನಾಮ್ ಸಿಂಗ್ ಅವರನ್ನು ನೆನೆಯದೆ ಈ ಉತ್ತರ ಮುಗಿಸಲಾರೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯಿಂದ ಲುಧಿಯಾನದ ಅಕಾಡೆಮಿಗೆ ಬಂದು, 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಭಾಷೆಯೇ ಬಾರದ ಫ್ಲೋರಿಡಾಕ್ಕೆ ಹೋದ ಹುಡುಗ. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿದಾಗ ಭಾರತದಲ್ಲಿ ಹುಟ್ಟಿದವರೊಬ್ಬರು ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ನಾನು ಆ ದಿನ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡೆ. ಆದರೆ ಅವರು ಕಾಲೇಜು ಆಟದ ಒಂದು ವರ್ಷವನ್ನೂ ನೋಡದೆ ನೇರವಾಗಿ ಬಂದಿದ್ದರು. ಕೆಳಹಂತದ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಋತು ಕಳೆದರು, ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದೆ ಮರಳಿದರು. ಏಳಡಿಗೂ ಮೀರಿದ ಎತ್ತರವನ್ನು ಎಲ್ಲರೂ ಕಂಡರು. ಹದಿನೈದರಿಂದ ಹತ್ತೊಂಬತ್ತರವರೆಗೆ ಅವರ ವಾರಿಗೆಯ ಅಮೆರಿಕದ ಹುಡುಗ ಆಡಿ, ಸೋತು, ತಿದ್ದಿಕೊಳ್ಳುವಷ್ಟು ಪಂದ್ಯಗಳು ಅವರಿಗೆ ಸಿಕ್ಕಿದ್ದರೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ನಮ್ಮ ಅಂಗಣದ ಆ ಹುಡುಗನಿಗೆ ಡಿಸೆಂಬರ್‌ವರೆಗೆ ಯಾವ ಟೂರ್ನಿಯೂ ಇಲ್ಲ. ಕಳೆದ ಭಾನುವಾರದಿಂದ ಅವನು ಮತ್ತೆ ಎರಡು ಹೆಜ್ಜೆ ದೂರದಲ್ಲಿ, ಎಡಗೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಾನೆ.