ಮಲ್ಲೇಶ್ವರದ ಹಳೇ ಮನೆಯೋ, ಸರ್ಜಾಪುರ ರಸ್ತೆಯ ಹೊಸ ಫ್ಲ್ಯಾಟೋ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಈಗಿರೋದು ಬೆಂಗಳೂರಿನ ಮಲ್ಲೇಶ್ವರದ ಎರಡು ರೂಮಿನ ಹಳೇ ಬಾಡಿಗೆ ಮನೆ. ಅದೇ ಬಾಡಿಗೆಗೆ ಸರ್ಜಾಪುರ ರಸ್ತೆಯಲ್ಲಿ ಮೂರು ರೂಮಿನ ಫ್ಲ್ಯಾಟ್ ಸಿಗುತ್ತಿದೆ, ಈಜುಕೊಳ, ಜಿಮ್ ಎಲ್ಲ ಇದೆ. ಗಂಡನ ಆಫೀಸು ಆ ರಸ್ತೆಗೆ ಹತ್ತಿರದ ಬೆಳ್ಳಂದೂರಿನಲ್ಲಿ. ಜೊತೆಗೆ ಅತ್ತೆ, ಮಾವ, ಆರು ವರ್ಷದ ಮಗಳು. ಹೋದರೆ ಎಲ್ಲರೂ ಖುಷಿಯಾಗಿರ್ತೀವಾ?

ನಾನು ಎರಡೂ ಕಡೆ ಸಂಸಾರ ಮಾಡಿದ್ದೇನೆ. ನನ್ನನ್ನು ಕೇಳಿದರೆ, ಹಗಲೆಲ್ಲ ಮನೆಯಲ್ಲಿ ಇರೋದು ಯಾರು ಅಂತ ಮೊದಲು ನೋಡಿ. ಅವರಿಗೆ ಗೇಟಿನ ಆಚೆ ಏನು ಬೇಕು ಅಂತ ಕೇಳಿ. ರೂಮು ಎಷ್ಟು ಅನ್ನೋದು ಆಮೇಲಿನ ಮಾತು.

ನಮ್ಮ ಅತ್ತೆಯ ಬೆಳಗು ಮಲ್ಲೇಶ್ವರದ ಮಾರುಕಟ್ಟೆ ಬೀದಿಯಾದ ಎಂಟನೇ ಕ್ರಾಸ್‌ನಲ್ಲಿ ಶುರುವಾಗುತ್ತಿತ್ತು. ಎರಡು ಮೊಳ ಸೇವಂತಿಗೆ, ಒಂದು ಕಟ್ಟು ದಂಟಿನ ಸೊಪ್ಪು. ಸೊಪ್ಪು ಕೊಳ್ಳೋದಕ್ಕಿಂತ ಸೊಪ್ಪಿನವಳ ಜೊತೆ ಚೌಕಾಸಿ ಮಾಡೋದೇ ಜಾಸ್ತಿ. ಗೌರಿಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆದರೂ ಮೊರ, ಬಾಳೆಕಂದು ತಾವೇ ಆರಿಸಿ ತರಬೇಕು. ಫ್ಲ್ಯಾಟಿಗೆ ಹೋದಮೇಲೆ ಸೊಪ್ಪು ಆ್ಯಪ್‌ನಲ್ಲಿ ಹತ್ತೇ ನಿಮಿಷಕ್ಕೆ ಬಾಗಿಲಿಗೆ ಬರುತ್ತಿತ್ತು. ಅವರಿಗೆ ಅದೇ ಬೇಜಾರು. ಮಾತಾಡಿಸೋರು ಯಾರೂ ಇಲ್ಲ. ಕೆಳಗಿನ ಪಾರ್ಕಿನಲ್ಲಿ ಕೂತವರದ್ದೆಲ್ಲ ಹಿಂದಿ. ಮಾವ ಹೇಗೋ ಹೊಂದಿಕೊಂಡರು, ಅವರಿಗೆ ವಾಕಿಂಗ್ ಟ್ರ್ಯಾಕ್ ಇದ್ದರೆ ಸಾಕು.

ನನ್ನ ಮಗಳ ಲೆಕ್ಕವೇ ಬೇರೆ. ಮಲ್ಲೇಶ್ವರದಲ್ಲಿ ರಸ್ತೆಯ ಎರಡೂ ಬದಿ ಕಾರು ನಿಂತಿರುತ್ತೆ, ಸೈಕಲ್ ಕಲಿಸೋಕೆ ಆಗಲಿಲ್ಲ. ಫ್ಲ್ಯಾಟಿನಲ್ಲಿ ಸಂಜೆ ಐದಕ್ಕೆ ಕೆಳಗಿಳಿದರೆ ಊಟದ ಹೊತ್ತಿಗೇ ಮೇಲೆ ಬರೋದು. ವಾಹನದ ಭಯ ಇಲ್ಲ, ತುಂಬ ಗೆಳತಿಯರು. ಒಂದೇ ಏರಿಯಾ, ಒಂದೇ ಮನೆ, ಒಬ್ಬರಿಗೆ ಸ್ವರ್ಗ, ಇನ್ನೊಬ್ಬರಿಗೆ ಜೈಲು. ಅದಕ್ಕೇ ‘ಒಳ್ಳೇ ಏರಿಯಾನಾ?’ ಅಂತ ಕೇಳಿದರೆ ನನಗೆ ನಗು ಬರುತ್ತೆ. ಯಾರಿಗೆ ಅಂತ ಹೇಳಿ ಮೊದಲು!

ಈ ವ್ಯತ್ಯಾಸಕ್ಕೆ ಕಾರಣವೂ ಇದೆ. ಮಲ್ಲೇಶ್ವರ ನಕ್ಷೆ ಹಾಕಿ ಕಟ್ಟಿದ ಬಡಾವಣೆ. 1898ರ ಪ್ಲೇಗ್ ಕಾಲದಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಜನ ನೆಲೆಸಿದ ಜಾಗ. ಮೇನು, ಕ್ರಾಸು ಅಂತ ಅಚ್ಚುಕಟ್ಟಾಗಿ ಹೆಣೆದಿರೋದರಿಂದ ಯಾವ ಮನೆಯಿಂದ ಹೊರಟರೂ ಅಂಗಡಿ, ದೇವಸ್ಥಾನ ನಡಿಗೆಯ ದೂರ. ಸರ್ಜಾಪುರ ರಸ್ತೆಯ ಕಡೆ ಹೊಲಗದ್ದೆಗಳ ನಡುವಿನ ಹಳ್ಳಿ ರಸ್ತೆಗಳೇ ಇವತ್ತಿನ ರಸ್ತೆಗಳು. ಒಂದೊಂದು ಅಪಾರ್ಟ್‌ಮೆಂಟಿಗೂ ತನ್ನದೇ ಕಾಂಪೌಂಡು. ಪಕ್ಕದಲ್ಲೇ ಕಾಣೋ ಮೆಡಿಕಲ್ ಸ್ಟೋರಿಗೂ ಸುತ್ತಿ ಬಳಸಿ ಗಾಡಿಯಲ್ಲೇ ಹೋಗಬೇಕು. ಸರ್ಜಾಪುರಕ್ಕೆ ಮೆಟ್ರೊ ಇನ್ನೂ ಬಂದಿಲ್ಲ.

ನಿಮ್ಮ ಯಜಮಾನರಿಗೆ ಮಾತ್ರ ಅಲ್ಲಿ ಲಾಭ, ಸುಳ್ಳು ಹೇಳಲ್ಲ. ಮಲ್ಲೇಶ್ವರದಿಂದ ಬೆಳ್ಳಂದೂರಿಗೆ ದಿನಾ ಓಡಾಡೋದು ಹೆಣಗಾಟವೇ. ವಾರಕ್ಕೆ ಐದು ದಿನ ಆಫೀಸಾದರೆ ತಕ್ಕಡಿ ಆ ಕಡೆ ವಾಲುತ್ತೆ. ಎರಡೇ ದಿನ ಆದರೆ ನಾನಂತೂ ಮನೆ ಬಿಡಲ್ಲ.

ನೀರಿನ ವಿಷಯ ಈಗಲೇ ವಿಚಾರಿಸಿ. ನಿಮ್ಮಲ್ಲಿ ಕಾವೇರಿ ದಿನ ಬಿಟ್ಟು ದಿನ ಬಂದರೂ ಸಂಪು ತುಂಬುತ್ತೆ. ಆ ಕಡೆ ಬಹಳ ಕಾಲ ಬೋರು, ಟ್ಯಾಂಕರನ್ನೇ ನಂಬಿದ್ದರು. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ ಏನಾಯಿತು ಅಂತ ನಿಮಗೂ ಗೊತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು. ಆದರೆ ನೀವು ನೋಡಿರೋ ಕಟ್ಟಡಕ್ಕೆ ಸಂಪರ್ಕ ಬಂದಿದೆಯಾ ಅಂತ ಅಲ್ಲಿನವರನ್ನೇ ಕೇಳಿ. ಕಳೆದ ಏಪ್ರಿಲ್‌ನ ಮೇಂಟೆನೆನ್ಸ್ ಬಿಲ್ ತೋರಿಸಿ ಅನ್ನಿ. ಟ್ಯಾಂಕರಿನ ಖರ್ಚು ಸೇರಿದರೆ ‘ಅದೇ ಬಾಡಿಗೆ’ ಅದೇ ಆಗಿರಲ್ಲ.

ಇನ್ನೊಂದು. ಫ್ಲ್ಯಾಟ್ ನೋಡೋಕೆ ಭಾನುವಾರ ಬೆಳಿಗ್ಗೆ ಹೋಗಬೇಡಿ, ಆಗ ಬೆಂಗಳೂರು ಪೂರ್ತಿ ಚೆನ್ನಾಗಿರುತ್ತೆ. ಬುಧವಾರ ಸಂಜೆ ಆರಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಒಂದು ಕಟ್ಟು ಕೊತ್ತಂಬರಿ ತರೋಕೆ ಇಬ್ಬರೂ ನಡೆದೇ ಹೊರಡಿ. ವಾಪಸ್ ಬರುವಾಗ ಅವರು ಏನಂತಾರೆ ಅಂತ ಕೇಳಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.