ಪ್ರತಿಕ್ರಿಯೆ: ಓಸ್ಲೋದಲ್ಲಿ ನಂಬಿಕೆ ಮುರಿದದ್ದೆಲ್ಲಿ?
ಓಸ್ಲೋ ಒಪ್ಪಂದದ (ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ ನಡುವಿನ 1993ರ ಶಾಂತಿ ಒಪ್ಪಂದ) ಬಗ್ಗೆ ನಿಮ್ಮ ಸೆಮಿನಾರ್ ಬರಹ 'ಬಾಂಬ್ ಬಿತ್ತು, ಓಸ್ಲೋ ಸತ್ತಿತು' ಅನ್ನುವಲ್ಲೇ ನಿಲ್ಲುತ್ತಿರುವುದು ಬಹುಶಃ ದಾಳಿಗಳಿಂದ ಶುರು ಮಾಡಿದ್ದಕ್ಕೆ. ಮೊದಲು 1993ರಲ್ಲಿ ಏನೇನು ಮುಂದೂಡಿದರು ನೋಡಿ: ಜೆರುಸಲೇಮ್, ಗಡಿ, ನಿರಾಶ್ರಿತರು, ವಸಾಹತುಗಳು (ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರುಗಳು). ಐದು ವರ್ಷದಲ್ಲಿ ನಂಬಿಕೆ ಬೆಳೆಯಲಿ, ಕಷ್ಟದ್ದು ಆಮೇಲೆ ಅನ್ನುವ ಲೆಕ್ಕ. ಆದರೆ ವಸಾಹತು ನಿಲ್ಲಿಸಿ ಅಂತ ಅದರಲ್ಲಿ ನೇರವಾಗಿ ಬರೆದೇ ಇರಲಿಲ್ಲ, ಪಶ್ಚಿಮ ದಂಡೆಯಲ್ಲಿ ವಸಾಹತುಗಾರರ ಸಂಖ್ಯೆ ಸುಮಾರು 1.1 ಲಕ್ಷ ಇದ್ದದ್ದು 2000ದ ಹೊತ್ತಿಗೆ 1.9 ಲಕ್ಷದ ಹತ್ತಿರ ಬಂತು. ಪ್ಯಾಲೆಸ್ತೀನಿಯರು ನಂಬುವುದಾದರೂ ಹೇಗೆ, ಅಲ್ವಾ?

ಆಮೇಲೆ ಎರಡೂ ಕಡೆಯ ಹಿಂಸೆಯನ್ನು ತಾರೀಖಿನ ಪ್ರಕಾರ ಜೋಡಿಸಿ. 1994 ಫೆಬ್ರವರಿಯಲ್ಲಿ ಪಶ್ಚಿಮ ದಂಡೆಯ ಹೆಬ್ರಾನ್ ಮಸೀದಿಯಲ್ಲಿ ಯೆಹೂದಿ ವಸಾಹತುಗಾರನೊಬ್ಬನಿಂದ 29 ಜನರ ಕೊಲೆ, ಏಪ್ರಿಲ್‌ನಲ್ಲಿ ಇಸ್ರೇಲಿನ ಅಫುಲಾದಲ್ಲಿ ಪ್ಯಾಲೆಸ್ತೀನಿ ಗುಂಪಿನ ಬಾಂಬ್, 1995ರಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್ ಹತ್ಯೆ (ಕೊಂದವನು ಯೆಹೂದಿಯೇ), 1996ರಲ್ಲಿ ಜೆರುಸಲೇಮಿನ ಬಸ್ ಸ್ಫೋಟಗಳು. ಕೊನೆಗೆ 2000ದ ಕ್ಯಾಂಪ್ ಡೇವಿಡ್, ಅಮೆರಿಕದಲ್ಲಿ ನಡೆದು ಒಪ್ಪಂದವಿಲ್ಲದೆ ಮುಗಿದ ಮಾತುಕತೆ. ಅಲ್ಲಿ ತಪ್ಪು ಯಾರದ್ದು ಅನ್ನುವುದರಲ್ಲಿ ಮಾತುಕತೆಗೆ ಕೂತಿದ್ದವರಲ್ಲೇ ಒಮ್ಮತವಿಲ್ಲ, ಸುಮ್ನೆ ತೀರ್ಪು ಕೊಡಬೇಡಿ, ಎರಡೂ ವಾದ ಬರೆಯಿರಿ.