ಇದ್ದಕ್ಕಿದ್ದಂತೆ ಏನೂ ಬಂದ್ ಆಗಿಲ್ಲ: ಮಳೆಗಾಲದ ಮಂಗಳೂರು ಮತ್ತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಜುಲೈನಲ್ಲಿ ಅಪ್ಪ, ಅಮ್ಮ, ಮಕ್ಕಳ ಜೊತೆ ಕಾರಿನಲ್ಲಿ ಮಂಗಳೂರಿಗೆ ಹೊರಟಿದ್ದೇವೆ. ಎರಡು ದಿನ ಇರುತ್ತೇವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದ್ದಕ್ಕಿದ್ದಂತೆ ನಿಂತಿದೆಯಂತೆ. ಬೀಚಿನಲ್ಲೂ ನೀರಿಗೆ ಇಳಿಯಲು ಬಿಡುವುದಿಲ್ಲವಂತೆ. ರೂಮ್ ಕ್ಯಾನ್ಸಲ್ ಮಾಡೋಣವೇ?
– ದಾವಣಗೆರೆಯ ಓದುಗರು

ಉತ್ತರ: ಜೂನ್ ಬಂದರೆ ಸಾಕು, ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಜೊತೆಗೆ ಆ ‘ಇದ್ದಕ್ಕಿದ್ದಂತೆ’ ಬೇರೆ! ಮಳೆಗಾಲದಲ್ಲಿ ಆ ದೋಣಿ ಪ್ರತಿ ವರ್ಷ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಇರುವುದಿಲ್ಲ. ಸಮುದ್ರವನ್ನೇ ನಂಬಿ ಬದುಕುವವರು ಬೋಟು ಕಟ್ಟಿ ಕೂತಿರುವಾಗ ನಿಮಗೆ ದ್ವೀಪ ಬೇಕೇ?

ರೂಮ್ ಇರಲಿ, ಪ್ಲಾನ್ ಬದಲಿಸಿ. ನೀವು ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಬರುತ್ತೀರಿ ಅಲ್ವಾ? ಹಾಗಾದರೆ ಕಾರ್ಕಳ, ಮೂಡುಬಿದಿರೆ ಎರಡೂ ದಾರಿಯಲ್ಲೇ ಸಿಗುತ್ತವೆ. ಜನ ಇವನ್ನು ದಾಟಿಕೊಂಡು ಮಂಗಳೂರಿಗೆ ಬರುತ್ತಾರೆ. ಮರುದಿನ ಅದೇ 35 ಕಿ.ಮೀ. ವಾಪಸ್ ಮೂಡುಬಿದಿರೆಗೆ ಹೋಗುತ್ತಾರೆ. ಯಾಕೋ ದೇವರೇ ಬಲ್ಲ.

ಕಾರ್ಕಳದ ಬಾಹುಬಲಿ 42 ಅಡಿ ಎತ್ತರ, ನಿಲ್ಲಿಸಿದ್ದು 1432ರಲ್ಲಿ. ಬರೀ ಬಂಡೆಯ ಗುಡ್ಡ, ಮೇಲೆ ಸೂರಿಲ್ಲ. ಮಳೆ ಸುರಿಯುತ್ತಿದ್ದರೆ ವಯಸ್ಸಾದವರನ್ನು ಆ ಮೆಟ್ಟಿಲು ಹತ್ತಿಸಬೇಡಿ, ಜಾರುತ್ತದೆ. ಹೊಳವಾಗುವವರೆಗೆ ಕಾಯಿರಿ, ಇಲ್ಲದಿದ್ದರೆ ಮುಂದೆ ಹೋಗಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಳೆಯ ಭಯವಿಲ್ಲ. 1430ರಲ್ಲಿ ಕಟ್ಟಿದ್ದು. ಸುಮ್ನೆ ಮಂಟಪದಲ್ಲಿ ಕೂತು ಕಂಬಗಳ ಕೆತ್ತನೆ ನೋಡಿ, ಹೊರಗೆ ಮಳೆ ಹೊಯ್ಯುತ್ತಿರಲಿ. ನನ್ನ ಮಟ್ಟಿಗೆ ಅದನ್ನು ನೋಡಬೇಕಾದದ್ದೇ ಆಷಾಢದಲ್ಲಿ.

ಎರಡನೇ ದಿನ ಊರೊಳಗೆ. ಬೆಳಿಗ್ಗೆಯೇ ಕದ್ರಿ ದೇವಸ್ಥಾನಕ್ಕೆ ಹೋಗಿ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ.ಶ. 968ರದು. ಮಧ್ಯಾಹ್ನ ಎರಡಕ್ಕೆ ಹೋಗಿ ‘ಬಾಗಿಲು ಹಾಕಿಬಿಟ್ಟಿದ್ದಾರೆ’ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಆಮೇಲೆ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬ ಇರುವ ಚಿತ್ರಗಳನ್ನು ಇಟಲಿಯ ಆಂಟೋನಿಯೋ ಮೊಸ್ಕೆನಿ 1899ರಿಂದ 1901ರ ನಡುವೆ ಬರೆದದ್ದು. ಪ್ರಾರ್ಥನೆಯ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಟಿಪ್ಪು ಕಾಲದ ಕಾವಲು ಬುರುಜು ಸುಲ್ತಾನ್ ಬತ್ತೇರಿಗೆ ಹತ್ತು ನಿಮಿಷ ಜಾಸ್ತಿಯೇ ಆಯಿತು.

ನಿಜವಾಗಿ ಇದ್ದಕ್ಕಿದ್ದಂತೆ ಮುಚ್ಚುವುದು ಘಾಟಿ ರಸ್ತೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಒಟ್ಟಿಗೆ ಕೈಕೊಟ್ಟವು, ಸಕಲೇಶಪುರದ ರೈಲು ಹಳಿಯೂ ಕುಸಿತಕ್ಕೆ ಸಿಕ್ಕಿತು. ಆದ್ದರಿಂದ ವಾಪಸ್ ಹೋದ ಮರುದಿನವೇ ಪರೀಕ್ಷೆ, ಮದುವೆ ಇಟ್ಟುಕೊಳ್ಳಬೇಡಿ. ಒಂದು ದಿನ ಕೈಯಲ್ಲಿರಲಿ. ಹಿಂದಿನ ದಿನ ಸಂಜೆ ‘ನಾಳೆ ಶಾಲೆಗಳಿಗೆ ರಜೆ’ ಎಂದು ಜಿಲ್ಲಾಧಿಕಾರಿ ಹೇಳಿದರೆ, ನೀರಿನ ಹತ್ತಿರದ ಜಾಗವೆಲ್ಲ ನಿಮಗೂ ರಜೆ ಎಂದೇ ತಿಳಿಯಿರಿ.

ಪ್ರಶ್ನೆ: ಪರಿಚಯದ ಏಜೆಂಟ್ ಒಬ್ಬರು ಸ್ವಲ್ಪ ದುಡ್ಡು ಕೊಟ್ಟರೆ ದೋಣಿ ‘ಸೆಟ್’ ಮಾಡುತ್ತಾರಂತೆ. ನನಗೆ ಈಜು ಬೇರೆ ಬರುತ್ತದೆ.

ಉತ್ತರ: ಆ ಏಜೆಂಟ್ ದೋಣಿ ಹತ್ತುತ್ತಾರೆಯೇ, ಕೇಳಿ ನೋಡಿ. ಇನ್ನು ನಿಮ್ಮ ಈಜು. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲೇಬೇಕು. ಅದು ಒಂದು ಇಕ್ಕಟ್ಟಾದ ಜಾಗ ಹಿಡಿದು ಜೋರಾಗಿ ಸಮುದ್ರದ ಒಳಕ್ಕೆ ಸರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ. ‘ಇಲ್ಲಿ ಅಲೆ ಇಲ್ಲ’ ಎಂದು ಮಕ್ಕಳನ್ನು ಇಳಿಸುವುದೂ ಅಲ್ಲಿಗೇ! ಸಿಕ್ಕಿಕೊಂಡವರು ನೇರ ದಡಕ್ಕೆ ಈಜಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಇದನ್ನು ಹೇಳಿದ್ದು ನೀವು ಇಳಿಯಲಿ ಅಂತಲ್ಲ.

ಪ್ರಶ್ನೆ: ಆಗಸ್ಟ್‌ನಲ್ಲಿ ಕಂಬಳ, ಯಕ್ಷಗಾನ ಮೇಳದ ಆಟ ಎಲ್ಲಿ ಸಿಗುತ್ತದೆ?

ಉತ್ತರ: ಕಂಬಳಕ್ಕೆ ನವೆಂಬರ್ ಕಳೆದು ಬನ್ನಿ. ಮೇಳದವರು ಮೇ ಕೊನೆಯ ವಾರದ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ್ದಾರೆ.

ಪ್ರಶ್ನೆ: ಪಿಲಿಕುಳದ ಪ್ರಾಣಿಗಳನ್ನು ಸೋಮವಾರ ನೋಡಬಹುದೇ?

ಉತ್ತರ: ಇಲ್ಲ, ಸೋಮವಾರ ರಜೆ. ಒಂದು ಬಸ್ಸು ಮಕ್ಕಳನ್ನು ಕರೆದುಕೊಂಡು ಸೋಮವಾರ ಆ ಗೇಟಿನ ಮುಂದೆ ನಿಂತ ಮಹಾಶಯ ನಾನೇ.

ಪ್ರಶ್ನೆ: ಕೊಡೆಯೋ ರೈನ್‌ಕೋಟೋ?

ಉತ್ತರ: ರೈನ್‌ಕೋಟ್. ಪಣಂಬೂರು ಬೀಚಿನ ಗಾಳಿಗೆ ಕೊಡೆಯ ಕಡ್ಡಿಯಷ್ಟೇ ಉಳಿಯುತ್ತದೆ.